ಪಾದ್ರಿಯ ಹೆಂಡತಿ, ಪಾದ್ರಿಯ ಮಗಳು

ಮನೆಗೆ ಒಂದು ಸಂಬಂಧ ಬಂದಿದೆ ಅಂದುಕೊಳ್ಳಿ. ಹುಡುಗ ಫಾರಿನ್‌ನಲ್ಲಿದ್ದಾನೆ. ಹೋಗಿ ಎರಡು ವರ್ಷದ ಮೇಲಾಯ್ತು, ಈಗ ಮದುವೆ ಆಗೋಕೆ ಅವನ ಸಂಸ್ಥೆಯಿಂದ ಪರ್ಮಿಷನ್ ಸಿಕ್ಕಿದೆ. ಆದರೆ ಮದುವೆಗೆ ಅವನು ಊರಿಗೆ ಬರೋದಿಲ್ಲ, ಹುಡುಗಿಯೇ ಅಲ್ಲಿಗೆ ಹೋಗಬೇಕು. ಹೋಗೋ ಮೊದಲು ತನ್ನ ಜೀವನದ ಬಗ್ಗೆ ತಾನೇ ಬರೆದು ಕೊಡಬೇಕು, ಆರೋಗ್ಯ ಸರಿಯಿದೆ ಅಂತ ಡಾಕ್ಟರ್ ಸರ್ಟಿಫಿಕೇಟ್ ತರಬೇಕು, ಅದನ್ನೆಲ್ಲ ಸಂಸ್ಥೆಯ ಕಮಿಟಿ ನೋಡಿ ಒಪ್ಪಬೇಕು. ಹುಡುಗನ ಮುಖ ನೋಡೋದು ಹಡಗಿಂದ ಇಳಿದ ಮೇಲೆ. ಹುಡುಗಿಗೂ ಅಲ್ಲಿ ಕೈತುಂಬ ಕೆಲಸ ಇದೆ, ಸಂಬಳ ಮಾತ್ರ ಇಲ್ಲ. ಮಕ್ಕಳಾದರೆ ಆರು ವರ್ಷ ತುಂಬೋ ಹೊತ್ತಿಗೆ ಅವರನ್ನು ವಾಪಸ್ ಕಳಿಸಬೇಕು. ಒಪ್ಪಿಗೆಯಾ?

ಅಮೆರಿಕದ ಹುಡುಗ, ಡಿಪೆಂಡೆಂಟ್ ವೀಸಾ ಅಂತೆಲ್ಲ ನಿಮ್ಮ ಯೋಚನೆ ಹೋಗಿದ್ದರೆ ತಪ್ಪಿಲ್ಲ. ಆದರೆ ಇಲ್ಲಿ ಫಾರಿನ್ ಅಂದರೆ ನಮ್ಮ ಮಂಗಳೂರು, ಧಾರವಾಡ, ಹುಬ್ಬಳ್ಳಿ, ಆಚೆಗೆ ಕೇರಳದ ತಲಶ್ಶೇರಿ. ಹುಡುಗಿಯ ಊರು ದಕ್ಷಿಣ ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯದ್ದೋ ಸ್ವಿಟ್ಜರ್ಲೆಂಡಿನದ್ದೋ ಯಾವುದೋ ಹಳ್ಳಿ. ಹುಡುಗ ಬಾಸೆಲ್ ಮಿಷನ್ನಿನ ಪಾದ್ರಿ. ಕಾಲ ಹತ್ತೊಂಬತ್ತನೇ ಶತಮಾನ. ಹೀಗೆ ಹೊರಟ ಹುಡುಗಿಯರಿಗೆ ಅವರ ಭಾಷೆಯಲ್ಲಿ ಒಂದು ಹೆಸರೇ ಇತ್ತು: 'ಮಿಷನ್ ಮದುಮಗಳು'.

ಬಾಸೆಲ್ ಮಿಷನ್ ನಮಗೇನೂ ಹೊಸದಲ್ಲ. ನಮ್ಮ ಮಲೆನಾಡಿನ ಕಡೆ ಹಳೆ ಮನೆಯ ಹಂಚು ತಿರುಗಿಸಿ ನೋಡಿದರೆ ಆ ಹೆಸರಿನ ಅಚ್ಚು ಕಾಣುತ್ತೆ. ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸುವಾಗ ಕೆಳಗೆ ನಿಂತು ಒಂದೊಂದೇ ಹಂಚು ಎತ್ತಿಕೊಡೋದು ಚಿಕ್ಕಂದಿನಲ್ಲಿ ನನ್ನ ಕೆಲಸ. ಆ ಅಕ್ಷರಗಳನ್ನು ನೂರಾರು ಸಲ ಓದಿದ್ದೀನಿ. ಆಮೇಲೆ ಶಾಲೆಯಲ್ಲಿ ಕಿಟ್ಟೆಲ್ ನಿಘಂಟು ಬಂತು, ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' ಬಂತು, ಅದರ ಸಂಪಾದಕ ಮೋಗ್ಲಿಂಗ್ ಬಂದರು. 'ಬಿಟ್ಟ ಸ್ಥಳ ತುಂಬಿರಿ'ಗೆ ಒಂದೊಂದು ಮಾರ್ಕ್ಸ್.

ಆದರೆ ಇವರಿಗೆ ಮನೆ ಇತ್ತಾ, ಹೆಂಡತಿ ಮಕ್ಕಳು ಇದ್ದರಾ, ಬೆಳಿಗ್ಗೆ ಎದ್ದು ಏನು ಮಾಡ್ತಿದ್ದರು, ಮಗುವಿಗೆ ಜ್ವರ ಬಂದರೆ ಯಾರು ನೋಡ್ಕೋತಿದ್ದರು? ಇದನ್ನು ಯಾವ ಪಠ್ಯಪುಸ್ತಕವೂ ಹೇಳಲಿಲ್ಲ. ಕಳೆದ ಕೆಲವು ತಿಂಗಳಲ್ಲಿ ಈ ಕುಟುಂಬಗಳ ಬಗ್ಗೆ ಓದ್ತಾ ಹೋದ ಹಾಗೆ, ನಿಘಂಟಿಗಿಂತ ದೊಡ್ಡ ಕಥೆ ಆ ಮನೆಗಳ ಒಳಗೇ ಇದೆ ಅನ್ನಿಸಿತು. ಅದರಲ್ಲಿ ಒಂದು ಮನೆಯ ಕಥೆ ಇಲ್ಲಿ ಹೇಳ್ತೀನಿ.

ಮೊದಲು ಸ್ವಲ್ಪ ಹಿನ್ನೆಲೆ. ಬಾಸೆಲ್ ಮಿಷನ್ ಶುರುವಾಗಿದ್ದು 1815ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ. ಅವರ ಮಿಷನರಿಗಳಲ್ಲಿ ಹೆಚ್ಚಿನವರು ವ್ಯೂರ್ಟೆಂಬರ್ಗ್ ಕಡೆಯ ರೈತರ ಮಕ್ಕಳು, ಕುಶಲಕರ್ಮಿಗಳ ಮಕ್ಕಳು. ಹಳ್ಳಿಯ ಹುಡುಗರು ಬಾಸೆಲ್‌ಗೆ ಹೋಗಿ ವರ್ಷಗಟ್ಟಲೆ ತರಬೇತಿ ಪಡೆದು ಕಂಡು ಕೇಳದ ದೇಶಕ್ಕೆ ಹಡಗು ಹತ್ತುತ್ತಿದ್ದರು. ಈಸ್ಟ್ ಇಂಡಿಯಾ ಕಂಪನಿಯ 1833ರ ಚಾರ್ಟರ್ ಕಾಯ್ದೆ ಬ್ರಿಟಿಷರಲ್ಲದ ಮಿಷನರಿಗಳಿಗೂ ಭಾರತದ ಬಾಗಿಲು ತೆರೆಯಿತು. ಮರುವರ್ಷವೇ, ಅಂದರೆ 1834ರ ಅಕ್ಟೋಬರ್‌ನಲ್ಲಿ ಹೆಬಿಕ್, ಲೇನರ್, ಗ್ರೈನರ್ ಅನ್ನೋ ಮೂವರು ಮಂಗಳೂರಿಗೆ ಬಂದಿಳಿದರು. ಮೂವರೂ ಒಂಟಿ. ಹೊರಡುವಾಗ ಮದುವೆ ಆಗಿರಬಾರದು, ನಿಶ್ಚಿತಾರ್ಥವೂ ಆಗಿರಬಾರದು ಅನ್ನೋದು ಮಿಷನ್ನಿನ ನಿಯಮ. ಕನಿಷ್ಠ ಎರಡು ವರ್ಷ ಕೆಲಸ ಮಾಡಿ, ಭಾಷೆ ಕಲಿತು, ಹವೆ ತಡ್ಕೊಂಡು ಬದುಕಿದರೆ ಆಮೇಲೆ ಕಮಿಟಿಗೆ ಅರ್ಜಿ ಹಾಕಬಹುದು. ಪ್ರೊಬೇಷನ್ ಮುಗಿದ ಮೇಲೆ ಮದುವೆ ಅನ್ನಿ.

ನಾನು ಹೇಳಲಿಕ್ಕೆ ಹೊರಟಿರೋ ದಂಪತಿ ಮಾತ್ರ ಈ ದಾರಿಯಲ್ಲಿ ಬಂದವರಲ್ಲ. ಹರ್ಮನ್ ಗುಂಡರ್ಟ್ 1814ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಹುಟ್ಟಿದವರು. ಟ್ಯೂಬಿಂಗನ್‌ನಲ್ಲಿ ಓದಿ ಡಾಕ್ಟರೇಟ್ ಮಾಡಿದ ಮೇಲೆ, ಆಂಟನಿ ನಾರಿಸ್ ಗ್ರೋವ್ಸ್ ಅನ್ನೋ ಇಂಗ್ಲಿಷ್ ಮಿಷನರಿಯ ಮಕ್ಕಳಿಗೆ ಮೇಷ್ಟ್ರಾಗಿ 1836ರ ಏಪ್ರಿಲ್‌ನಲ್ಲಿ ಹಡಗು ಹತ್ತಿದರು. ಮದ್ರಾಸು ಸೇರಿದ್ದು ಜುಲೈನಲ್ಲಿ. ಸೂಯೆಜ್ ಕಾಲುವೆ ತೆರೆಯಲು ಇನ್ನೂ ಮೂವತ್ತಕ್ಕೂ ಹೆಚ್ಚು ವರ್ಷ ಇತ್ತು, ಆಫ್ರಿಕವನ್ನು ಪೂರ್ತಿ ಸುತ್ತಿಕೊಂಡೇ ಬರಬೇಕು. ಆ ಮೂರು ತಿಂಗಳನ್ನು ಈ ಮನುಷ್ಯ ವೇಸ್ಟ್ ಮಾಡಲಿಲ್ಲ, ಹಡಗಿನಲ್ಲೇ ಬಂಗಾಳಿ, ಹಿಂದೂಸ್ತಾನಿ, ತೆಲುಗು ಕಲಿಯೋಕೆ ಕೂತರು.

ಅದೇ ತಂಡದಲ್ಲಿ, ಅದೇ ಹಡಗಿನಲ್ಲಿ ಜೂಲಿ ಡುಬುವಾ ಇದ್ದರು. ಫ್ರೆಂಚ್ ಮಾತಾಡುವ ಸ್ವಿಟ್ಜರ್ಲೆಂಡಿನ ಕೋರ್ಸೆಲ್ ಊರಿನ ಹೆಣ್ಣುಮಗಳು, ಗುಂಡರ್ಟ್‌ಗಿಂತ ಐದು ವರ್ಷ ದೊಡ್ಡವರು. ಯಾರ ಹೆಂಡತಿಯಾಗಿಯೂ ಅಲ್ಲ, ತಾವೇ ಕೆಲಸ ಮಾಡಬೇಕು ಅಂತ ಹೊರಟು ಬಂದವರು. ಇದನ್ನು ನೆನಪಿಟ್ಟುಕೊಳ್ಳಿ. 1838ರ ಜುಲೈನಲ್ಲಿ ಚಿತ್ತೂರಿನಲ್ಲಿ ಇಬ್ಬರ ಮದುವೆಯಾಯಿತು. ವರ್ಷ ಮುಗಿಯುವುದರೊಳಗೆ ಬಾಸೆಲ್ ಮಿಷನ್ ಸೇರಿ ಮಂಗಳೂರಿಗೆ ಬಂದರು. ಗುಂಡರ್ಟ್‌ಗೆ ಟ್ಯೂಬಿಂಗನ್‌ನಿಂದಲೇ ಗೆಳೆಯರಾಗಿದ್ದ ಮೋಗ್ಲಿಂಗ್ ಆಗಲೇ ಮಂಗಳೂರಿನಲ್ಲಿದ್ದರು. 1839ರ ಏಪ್ರಿಲ್‌ನಲ್ಲಿ ಗಂಡ ಹೆಂಡತಿ ತಲಶ್ಶೇರಿ ಪಕ್ಕದ ನೆಟ್ಟೂರಿಗೆ ಹೋದರು. ಅಲ್ಲಿನ ಇಲ್ಲಿಕುನ್ನು ಅನ್ನೋ ಗುಡ್ಡದ ಮೇಲಿನ ಬಂಗಲೆಯನ್ನು ಥಾಮಸ್ ಸ್ಟ್ರೇಂಜ್ ಅನ್ನೋ ಇಂಗ್ಲಿಷ್ ಜಡ್ಜ್ ಮಿಷನ್ನಿಗೆ ದಾನ ಕೊಟ್ಟಿದ್ದರು. ಮುಂದಿನ ಹತ್ತು ವರ್ಷ ಆ ಬಂಗಲೆಯೇ ಇವರ ಮನೆ, ಆಫೀಸು, ಶಾಲೆ, ಹಾಸ್ಟೆಲ್ಲು ಎಲ್ಲ.

ಈಗ ದಿನದ ಕೆಲಸಕ್ಕೆ ಬರೋಣ. ಗುಂಡರ್ಟ್‌ದು ಹೊರಗಿನ ಕೆಲಸ. ಮಲಯಾಳಂ ಕಲಿಯುವುದು, ಸುತ್ತಮುತ್ತ ಶಾಲೆಗಳನ್ನು ತೆರೆದು ನೋಡಿಕೊಳ್ಳುವುದು, ಪೇಟೆಯಲ್ಲಿ ನಿಂತು ಬೋಧನೆ ಮಾಡುವುದು, ಬೇರೆ ಊರುಗಳಿಗೆ ಓಡಾಡುವುದು. ಜೊತೆಗೆ ಗಾದೆಗಳು, ತಾಳೆಗರಿಗಳು, ಪದಗಳ ಸಂಗ್ರಹ. ಇಲ್ಲಿಕುನ್ನಿಗೆ ಕಲ್ಲಚ್ಚಿನ ಮುದ್ರಣ ಯಂತ್ರ ಬಂದ ಮೇಲೆ 1847ರಲ್ಲಿ 'ರಾಜ್ಯಸಮಾಚಾರಂ' ಅನ್ನೋ ಪತ್ರಿಕೆ ಹೊರಟಿತು. ಅದೇ ಮಲಯಾಳಂನ ಮೊದಲ ಪತ್ರಿಕೆ. ಇದೆಲ್ಲದರ ಮೇಲೆ ಬಾಸೆಲ್‌ಗೆ ವರದಿ ಬರೆಯುವ ಕೆಲಸ. ಎಷ್ಟು ಶಾಲೆ, ಎಷ್ಟು ಮಕ್ಕಳು, ಎಷ್ಟು ದೀಕ್ಷಾಸ್ನಾನ, ಎಷ್ಟು ಖರ್ಚು. ಅದನ್ನು ಓದಿದಾಗ ನಮ್ಮ ಸ್ಟೇಟಸ್ ರಿಪೋರ್ಟು ನೆನಪಾಯ್ತು. ಆದರೆ ಅವರು ಕಳಿಸಿದ ರಿಪೋರ್ಟಿಗೆ ಉತ್ತರ ಬರುವ ಹೊತ್ತಿಗೆ ತಿಂಗಳುಗಳೇ ಕಳೆದಿರುತ್ತಿದ್ದವು. ಕರಾವಳಿಯ ಮಳೆ ಹಿಡಿದುಕೊಂಡರೆ ಬಂದರಿನ ಓಡಾಟವೂ ನಿಂತುಹೋಗುತ್ತಿತ್ತು. ಕೇಳಿದ ಪ್ರಶ್ನೆಗೆ ಉತ್ತರ ಬರುವಷ್ಟರಲ್ಲಿ ಪ್ರಶ್ನೆಯೇ ಬದಲಾಗಿರುತ್ತಿತ್ತು.

ಜೂಲಿಯವರದ್ದು ಒಳಗಿನ ಕೆಲಸ. ಹಾಗಂದರೆ ಗಂಡ ಮಕ್ಕಳಿಗೆ ಅಡುಗೆ ಮಾಡಿ ಹಾಕೋದು ಅಂತಲ್ಲ. ಅದಕ್ಕೆ ಅಡುಗೆಯವರು, ಆಯಾ ಎಲ್ಲ ಇರುತ್ತಿದ್ದರು. ಜೂಲಿ ಇಲ್ಲಿಕುನ್ನಿನಲ್ಲಿ ಹೆಣ್ಣುಮಕ್ಕಳಿಗೆ ಬೋರ್ಡಿಂಗ್ ಶಾಲೆ ನಡೆಸಿದರು. ಇದನ್ನು ಈಗಿನ ಶಾಲೆ ಅಂದುಕೊಳ್ಳಬೇಡಿ. ಮಕ್ಕಳು ಅಲ್ಲೇ ಉಣ್ಣಬೇಕು, ಅಲ್ಲೇ ಮಲಗಬೇಕು. ಓದು, ಬರಹ, ಲೆಕ್ಕ, ಹೊಲಿಗೆ ಎಲ್ಲ ಅಲ್ಲೇ. ಕಾಯಿಲೆ ಬಿದ್ದರೆ ಔಷಧ ಕೊಟ್ಟು ರಾತ್ರಿ ಎದ್ದು ಕೂರಬೇಕು. ಅಕ್ಕಿಯ ಲೆಕ್ಕ, ಬಟ್ಟೆಯ ಲೆಕ್ಕ, ಮುಂದೆ ಆ ಹುಡುಗಿಯರ ಮದುವೆಯ ಯೋಚನೆ ಕೂಡ ಮೇಡಮ್ಮನ ತಲೆ ಮೇಲೆಯೇ. ಗಂಡ ಊರೂರು ಸುತ್ತಲು ಹೋದಾಗ ಇಡೀ ಠಾಣ್ಯದ ಜವಾಬ್ದಾರಿ ಹೆಂಡತಿಯದ್ದೇ. ತಾಯ್ನುಡಿ ಫ್ರೆಂಚ್, ಗಂಡನ ಮಾತು ಜರ್ಮನ್, ಸುತ್ತಲಿನ ಸಾಹೇಬರದ್ದು ಇಂಗ್ಲಿಷ್, ಮಕ್ಕಳದ್ದು ಮಲಯಾಳಂ. ಈ ಎಲ್ಲದರ ಮಧ್ಯೆ ತಮ್ಮದೇ ಹೆರಿಗೆ, ಬಾಣಂತನ. ಹತ್ತಿರದಲ್ಲಿ ತಾಯಿ ಇಲ್ಲ, ಅಕ್ಕ ಇಲ್ಲ.

ಆದರೂ ಮಿಷನ್ನಿನ ಲೆಕ್ಕದಲ್ಲಿ ಕೆಲಸಗಾರ ಒಬ್ಬನೇ, ಅವನು ಗಂಡ. ಹೆಂಡತಿ ಅವನ 'ಸಹಾಯಕಿ', ಸಂಬಳದ ಪಟ್ಟಿಯಲ್ಲಿ ಆಕೆ ಇಲ್ಲ. ಮಂಗಳೂರಿನಲ್ಲೂ ಧಾರವಾಡದಲ್ಲೂ ಮಿಷನ್ನಿನ ಹೆಣ್ಣುಮಕ್ಕಳ ಶಾಲೆಗಳು ನಡೆದದ್ದು ಇಂಥ ಸಹಾಯಕಿಯರಿಂದ. ಆಗಿನ ಕಾಲಕ್ಕೆ ಗಂಡಸು ಪಾದ್ರಿ ನಮ್ಮ ಮನೆಗಳ ಜಗಲಿ ದಾಟಿ ಒಳಗೆ ಕಾಲಿಡುವ ಹಾಗೇ ಇರಲಿಲ್ಲ. ಒಳಗೆ ಹೋಗಿ ಹೆಂಗಸರ ಜೊತೆ ಕೂತು ಮಾತಾಡಬಹುದಾದವಳು ಪಾದ್ರಿಯ ಹೆಂಡತಿ ಮಾತ್ರ. ಅರ್ಧ ಜನಸಂಖ್ಯೆ ಅವಳ ಪಾಲಿಗೆ, ಹೆಸರೆಲ್ಲ ಅವನ ಪಾಲಿಗೆ. ಕೋಡ್ ಬರೆಯುವ ನಮಗೆ ಇದು ಅರ್ಥವಾಗೋದು ಕಷ್ಟವಲ್ಲ. ಯಾರು ಯಾವ ಸಾಲು ಬರೆದರು ಅಂತ ಹುಡುಕಿದರೆ ಹತ್ತು ಜನರ ಕೆಲಸ ಒಬ್ಬರ ಲಾಗಿನ್ನಿನಲ್ಲೇ ಕಾಣುವ ಪ್ರಾಜೆಕ್ಟುಗಳನ್ನು ನಾವೆಲ್ಲ ನೋಡಿದ್ದೀವಿ.

ಇರಲಿ, ಇದು ಹೆಂಡತಿಯರ ಕಥೆ. ಮಕ್ಕಳ ಕಥೆ ಇದಕ್ಕಿಂತ ಕಠಿಣ.

ಗುಂಡರ್ಟ್ ದಂಪತಿಯ ಮಗಳು ಮೇರಿ ಹುಟ್ಟಿದ್ದು 1842ರ ಅಕ್ಟೋಬರ್‌ನಲ್ಲಿ, ತಲಶ್ಶೇರಿಯಲ್ಲಿ. ಗುಂಡರ್ಟ್ ಆರೋಗ್ಯ ಕೆಟ್ಟಾಗ ಕುಟುಂಬ ಯುರೋಪಿಗೆ ಹೋಯಿತು. 1847ರಲ್ಲಿ ಗಂಡ ಹೆಂಡತಿ ತಲಶ್ಶೇರಿಯ ಕೆಲಸಕ್ಕೆ ವಾಪಸ್ ಬಂದಾಗ ಮೇರಿ ಜೊತೆಯಲ್ಲಿರಲಿಲ್ಲ. ಅವಳನ್ನೂ ಅಣ್ಣಂದಿರನ್ನೂ ಅಲ್ಲೇ ಬಿಟ್ಟು ಬಂದಿದ್ದರು. ಆಗ ಮೇರಿಗೆ ನಾಲ್ಕು ವರ್ಷ. ತಾಯಿಯನ್ನು ಮತ್ತೆ ನೋಡಿದ್ದು ಹದಿನೈದರಲ್ಲಿ.

ನಾಲ್ಕರಿಂದ ಹದಿನೈದು. ಈ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ಓದಿ. ಹಲ್ಲು ಬಿದ್ದು ಹಲ್ಲು ಬಂದದ್ದು, ಅಕ್ಷರ ಕಲಿತದ್ದು, ಮೈನೆರೆದದ್ದು ಯಾವುದನ್ನೂ ಜೂಲಿ ನೋಡಲಿಲ್ಲ. ಅತ್ತ ಮಗಳು ಬೇರೆಯವರ ಕೈಯಲ್ಲಿ ಬೆಳೆಯುತ್ತಿದ್ದಾಗ, ಇತ್ತ ಇಲ್ಲಿಕುನ್ನಿನ ಗುಡ್ಡದ ಮೇಲೆ ತಾಯಿ ಬೇರೆಯವರ ಹೆಣ್ಣುಮಕ್ಕಳಿಗೆ ತಲೆ ಬಾಚಿ, ಹೊಲಿಗೆ ಕಲಿಸಿ, ಜ್ವರ ಬಂದರೆ ಪಕ್ಕ ಕೂರುತ್ತಿದ್ದರು.

ಹೀಗೇಕೆ ಮಾಡಿದರು? ಕಾರಣಗಳಿದ್ದವು. ನಮ್ಮ ಕರಾವಳಿಯ ಹವೆ, ಜ್ವರ, ಭೇದಿ ಎಳೆ ಮಕ್ಕಳನ್ನು ಉಳಿಸುತ್ತಿರಲಿಲ್ಲ ಅನ್ನೋ ಭಯ ನಿಜವಾದದ್ದು, ಎಷ್ಟೋ ಮಿಷನರಿ ಕುಟುಂಬಗಳು ಇಲ್ಲಿನ ಮಣ್ಣಿನಲ್ಲಿ ಮಕ್ಕಳನ್ನು ಹೂತಿವೆ. ಯುರೋಪಿಯನ್ ರೀತಿಯ ವಿದ್ಯಾಭ್ಯಾಸ ಇಲ್ಲಿ ಸಿಗುತ್ತಿರಲಿಲ್ಲ. ಮೂರನೇ ಕಾರಣವನ್ನು ಅವರೇನೂ ಮುಚ್ಚಿಡಲಿಲ್ಲ. ಮಕ್ಕಳು ಆಯಾಗಳ ಕೈಯಲ್ಲಿ ಬೆಳೆದು, ಇಲ್ಲಿನ ಮಾತು, ಇಲ್ಲಿನ ಹಬ್ಬ, ಇಲ್ಲಿನ ರೂಢಿ ಹತ್ತಿಸಿಕೊಂಡು 'ಕೆಟ್ಟುಹೋಗುತ್ತಾರೆ' ಅನ್ನೋ ಹೆದರಿಕೆ. ಯಾವ ಜನರ ಮಧ್ಯೆ ಬದುಕು ಸವೆಸಬೇಕು ಅಂತ ಬಂದರೋ, ಅದೇ ಜನರ ಹಾಗೆ ತಮ್ಮ ಮಗು ಆಗಬಾರದು. ಅಮೆರಿಕದಲ್ಲಿ ಮಗಳು ಹೈಸ್ಕೂಲಿಗೆ ಬರೋ ಹೊತ್ತಿಗೆ 'ಊರಿಗೆ ವಾಪಸ್ ಹೋಗೋಣ, ಇಲ್ಲಿ ಇವಳು ಕೆಟ್ಟುಹೋಗ್ತಾಳೆ' ಅನ್ನುವ ನಮ್ಮ ಅಣ್ಣಂದಿರ ಮಾತು ಕೇಳಿದ್ದೀರಲ್ಲ? ಅದೇ ಮಾತು, ದಿಕ್ಕು ಬೇರೆ.

ಗುಂಡರ್ಟ್ ಕಾಲದಲ್ಲಿ ಮಕ್ಕಳನ್ನು ನೆಂಟರ ಮನೆ, ಗೆಳೆಯರ ಮನೆಯಲ್ಲಿ ಬಿಡುತ್ತಿದ್ದರು. 1853ರಲ್ಲಿ ಬಾಸೆಲ್ ಪಟ್ಟಣದಲ್ಲಿ ಮಿಷನರಿಗಳ ಮಕ್ಕಳಿಗಾಗಿಯೇ ಒಂದು ಮನೆ ತೆರೆದರು. ಆಮೇಲೆ ಅದೇ ಪದ್ಧತಿಯಾಯಿತು. ಮಂಗಳೂರಿನಲ್ಲೋ ಧಾರವಾಡದಲ್ಲೋ ಹುಟ್ಟಿದ ಮಗು ಆರು ವರ್ಷದ ಸುಮಾರಿಗೆ ರಜೆಯ ಮೇಲೆ ಹೊರಟ ಯಾವುದೋ ಪಾದ್ರಿ ದಂಪತಿಯ ಜೊತೆ ಹಡಗು ಹತ್ತಬೇಕು. ಎಷ್ಟೋ ಮಕ್ಕಳಿಗೆ ಅಪ್ಪ ಅಮ್ಮ ಅಂದರೆ ವರ್ಷಕ್ಕೆ ಕೆಲವು ಕಾಗದ. ಇನ್ನು ಕೆಲವರಿಗೆ ಬಂದರಿನಲ್ಲಿ ನೋಡಿದ್ದೇ ಕೊನೆ.

ನಾನು ಐದನೇ ಕ್ಲಾಸಿಗೇ ಹಾಸ್ಟೆಲ್ ಸೇರಿದವನು. ನಮ್ಮೂರಲ್ಲಿ ನಾಲ್ಕನೇ ಕ್ಲಾಸಿನ ತನಕ ಮಾತ್ರ ಶಾಲೆ ಇತ್ತು. ಬಸ್ಸಿನಲ್ಲಿ ಎರಡು ಗಂಟೆ ದೂರ, ಶನಿವಾರ ಮಧ್ಯಾಹ್ನ ಊರಿಗೆ ಬಂದರೆ ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ವಾಪಸ್. ಭಾನುವಾರ ಸಂಜೆ ಅವ್ವ ಚಕ್ಕುಲಿ ಡಬ್ಬಿ ಕಟ್ಟುವುದನ್ನು ನೋಡಿದರೆ ಹೊಟ್ಟೆಯಲ್ಲಿ ಏನೋ ಹಿಂಡಿದ ಹಾಗಾಗ್ತಿತ್ತು. ಅದು ಎರಡು ಗಂಟೆಯ ದಾರಿ. ಮೇರಿಯದ್ದು ತಿಂಗಳುಗಟ್ಟಲೆಯ ಸಮುದ್ರ. ಹಾಗಾಗಿ ಅವಳ ನೋವು ನನಗೆ ಗೊತ್ತು ಅಂತ ನಾನು ಹೇಳೋದಿಲ್ಲ. ಆದರೆ ಆ ಡಬ್ಬಿ ಕಟ್ಟುವ ಕೈಗಳ ಬಗ್ಗೆ ಮಾತ್ರ ಸ್ವಲ್ಪ ಗೊತ್ತು. ಬಿಟ್ಟು ಬರುವವರಿಗೂ ಅದು ಸುಲಭ ಇರೋದಿಲ್ಲ.

ಹದಿನೈದರ ಮೇರಿ 1857ರಲ್ಲಿ ಭಾರತಕ್ಕೆ ವಾಪಸ್ ಬಂದಳು. ಉತ್ತರದಲ್ಲಿ ಸಿಪಾಯಿಗಳ ದಂಗೆ ನಡೆಯುತ್ತಿದ್ದ ವರ್ಷ. ಆ ಹೊತ್ತಿಗೆ ಗುಂಡರ್ಟ್ ಮಲಬಾರ್ ಮತ್ತು ಕೆನರಾ ಪ್ರಾಂತ್ಯಗಳ ಸರ್ಕಾರಿ ಶಾಲಾ ಇನ್ಸ್‌ಪೆಕ್ಟರ್ ಆಗಿದ್ದರು. ಬರುವ ದಾರಿಯಲ್ಲಿ, ಹಡಗಿನಲ್ಲಿ, ಒಬ್ಬ ಇಂಗ್ಲಿಷ್ ಯುವಕನ ಜೊತೆ ಮೇರಿಗೆ ಪ್ರೀತಿಯಾಯಿತು. ಅಪ್ಪ ಒಪ್ಪಲಿಲ್ಲ, ಅದು ಅಲ್ಲಿಗೇ ನಿಂತಿತು. ಹತ್ತು ವರ್ಷ ಜೊತೆಗಿರದ ಅಪ್ಪ, ಸಿಕ್ಕ ಕೂಡಲೇ ತೆಗೆದುಕೊಂಡ ಮೊದಲ ದೊಡ್ಡ ತೀರ್ಮಾನ ಇದು. ಗುಂಡರ್ಟ್ ಕ್ರೂರ ಮನುಷ್ಯನೇನಲ್ಲ. ತನ್ನ ಮಗಳ ಬದುಕು ಕೂಡ ದೇವರ ಕೆಲಸಕ್ಕೆ ಮೀಸಲು ಅಂತ ಪ್ರಾಮಾಣಿಕವಾಗಿ ನಂಬಿದ್ದ ಮನುಷ್ಯ. ನನ್ನನ್ನು ಹೆಚ್ಚು ಕಾಡಿದ್ದು ಆ ಪ್ರಾಮಾಣಿಕತೆಯೇ.

ಮೇರಿ ಅಮ್ಮನ ಜೊತೆ ಹೆಣ್ಣುಮಕ್ಕಳ ಶಾಲೆಯ ಕೆಲಸಕ್ಕೆ ನಿಂತಳು, ಇಲ್ಲಿನ ಭಾಷೆಗಳನ್ನು ಕಲಿತಳು. 1859ರಲ್ಲಿ ಕಾಯಿಲೆಯಿಂದ ಗುಂಡರ್ಟ್ ಜರ್ಮನಿಗೆ ಹೊರಟರು, ಮರುವರ್ಷ ಜೂಲಿಯೂ ಹೋದರು. 1865ರಲ್ಲಿ ಮೇರಿ ಚಾರ್ಲ್ಸ್ ಐಸನ್‌ಬರ್ಗ್ ಅನ್ನೋ ಮಿಷನರಿಯನ್ನು ಮದುವೆಯಾಗಿ ಮತ್ತೆ ನಮ್ಮ ಕಡೆ ಬಂದಳು, ಈ ಸಲ ಸಿಂಧ್ ಪ್ರಾಂತ್ಯಕ್ಕೆ. ಇಬ್ಬರು ಗಂಡುಮಕ್ಕಳಾದರು. ಗಂಡನಿಗೆ ಕಾಯಿಲೆ ಹಿಡಿದು ಊರಿಗೆ ಮರಳಿದರು, 1870ರಲ್ಲಿ ಆತ ತೀರಿಕೊಂಡ. ಇಪ್ಪತ್ತೇಳು ವರ್ಷದ ಮೇರಿ ಎರಡು ಮಕ್ಕಳನ್ನು ಕಟ್ಟಿಕೊಂಡು ಕಾಲ್ವ್ ಅನ್ನೋ ಪುಟ್ಟ ಪಟ್ಟಣದಲ್ಲಿದ್ದ ಅಪ್ಪನ ಮನೆ ಸೇರಿದಳು.

ಬೇರೆ ಮನೆಗಳ ಕಥೆಯೂ ಹೀಗೇ ಇದೆ. ನಮ್ಮ ಕಿಟ್ಟೆಲ್ 1860ರಲ್ಲಿ ಪಾಲಿನಾ ಐಟ್ ಅವರನ್ನು ಮದುವೆಯಾದರು. ನಾಲ್ಕೇ ವರ್ಷಕ್ಕೆ ಆಕೆ ಮಂಗಳೂರಿನಲ್ಲಿ ತೀರಿಕೊಂಡರು. ಆಮೇಲೆ ಕಿಟ್ಟೆಲ್ ಆಕೆಯ ತಂಗಿಯನ್ನೇ ಮದುವೆಯಾದರು. ಮೋಗ್ಲಿಂಗ್ ಅವರ ದಾಯಾದಿ, ಕನ್ನಡ ಬೈಬಲ್ಲಿಗಾಗಿ ದುಡಿದ ವೀಗ್ಲೆ 1855ರಲ್ಲಿ ಮಂಗಳೂರಿನಲ್ಲೇ ಸತ್ತರು. ಅವರ ವಿಧವೆ ಪಾಲಿನಾರನ್ನು ಮುಂದೆ ಮೋಗ್ಲಿಂಗ್ ಮದುವೆಯಾದರು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಇಲ್ಲಿ ದುಡಿದು, ಹಾಡು ಗಾದೆಗಳನ್ನೆಲ್ಲ ಕೂಡಿಸಿ ಅಚ್ಚು ಹಾಕಿಸಿದ ಆ ಮನುಷ್ಯ 1860ರಲ್ಲಿ ಭಾರತ ಬಿಟ್ಟಿದ್ದು ಹೆಂಡತಿಯ ಆರೋಗ್ಯಕ್ಕಾಗಿ. ಮತ್ತೆ ಬರಲೇ ಇಲ್ಲ. ಪರೀಕ್ಷೆಗೆ ನಾವು ಬಾಯಿಪಾಠ ಮಾಡಿದ ಇಸವಿಗಳ ಪಕ್ಕದಲ್ಲೇ ಈ ಇಸವಿಗಳೂ ಇದ್ದವು.

ಇಷ್ಟು ಹೊತ್ತು ಒಂದೇ ಕಡೆಯ ಮನೆಗಳನ್ನು ನೋಡಿದ್ದಾಯಿತು. ಇನ್ನೊಂದು ಕಡೆಯನ್ನೂ ನೋಡದಿದ್ದರೆ ಅನ್ಯಾಯ. ಇವರು ಬಂದದ್ದು ನಿಘಂಟು ಬರೆಯಲಿಕ್ಕಲ್ಲ, ಮತಾಂತರ ಮಾಡಲಿಕ್ಕೆ. ಅದರಿಂದ ಇಲ್ಲಿನ ಮನೆಗಳೂ ಒಡೆದವು. 1844ರ ಜನವರಿಯಲ್ಲಿ ಮೋಗ್ಲಿಂಗ್ ಮಂಗಳೂರಿನ ಮೂವರು ಸಾರಸ್ವತ ಬ್ರಾಹ್ಮಣ ಹುಡುಗರಿಗೆ ದೀಕ್ಷಾಸ್ನಾನ ಕೊಟ್ಟರು. ಅದರಲ್ಲಿ ಒಬ್ಬರು ಆನಂದರಾವ್ ಕೌಂಡಿನ್ಯ. ಊರಲ್ಲಿ ದೊಡ್ಡ ಗಲಾಟೆಯೇ ಆಯಿತು. ಆನಂದರಾಯರಿಗೆ ಆಗಲೇ ಮದುವೆಯಾಗಿತ್ತು, ಹೆಂಡತಿ ಅವರ ಜೊತೆ ಬರಲಿಲ್ಲ. 1846ರಲ್ಲಿ ಅವರು ಬಾಸೆಲ್‌ಗೆ ಹೋಗಿ ಓದಿ, ದೀಕ್ಷೆ ಪಡೆದು, ಪಾದ್ರಿಯಾಗಿ ವಾಪಸ್ ಬಂದರು. 1860ರಲ್ಲಿ ಮೇರಿ ರೈನ್‌ಹಾರ್ಟ್ ಅನ್ನೋ ಜರ್ಮನ್ ಹೆಣ್ಣುಮಗಳ ಜೊತೆ ಅವರ ಮದುವೆಯಾಯಿತು. ಆನಂದರಾಯರ ಜೀವನ ಇತಿಹಾಸದಲ್ಲಿ ಸಿಗುತ್ತದೆ. ಆ ದಿನ ಮನೆಯೊಳಗೆ ಕೂತು ಗಂಡ ಇನ್ನು ತನ್ನವನಲ್ಲ ಅಂತ ಕೇಳಿಸಿಕೊಂಡ ಹುಡುಗಿಗೆ ಯಾರೂ ಒಂದು ಅಧ್ಯಾಯ ಬರೆಯಲಿಲ್ಲ.

ಬಡವರ ಮನೆಗಳಲ್ಲಿ ಇದು ಇನ್ನೊಂದು ಥರ. ಮತಾಂತರವಾದವರಿಗೆ ಜಾತಿಯ ಕಸುಬು ಹೋಯಿತು, ನೆಲ ಹೋಯಿತು, ನೆಂಟಸ್ತನ ಹೋಯಿತು. ಅವರಿಗೆ ಹೊಟ್ಟೆಪಾಡಿನ ದಾರಿ ಬೇಕು ಅಂತಲೇ ಮಿಷನ್ ನೇಯ್ಗೆ ಕಾರ್ಖಾನೆ ತೆರೆಯಿತು, 1865ರಲ್ಲಿ ಪ್ಲೆಬ್ಸ್ಟ್ ಅನ್ನೋರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ನಾನು ಎತ್ತಿಕೊಟ್ಟ ಹಂಚಿನ ಹಿಂದೆ ಮನೆ ಕಳಕೊಂಡವರ ದುಡಿಮೆ ಇತ್ತು. ಇನ್ನೊಬ್ಬರ ಮಾಡಿಗೆ ಅವರು ಹಂಚು ಸುಟ್ಟರು. ಇದರಿಂದ ಅವರಿಗೆ ಓದು, ಕೂಲಿ, ಮೇಲ್ಜಾತಿಯ ಮುಂದೆ ತಲೆ ಎತ್ತಿ ನಿಲ್ಲುವ ಧೈರ್ಯ ಸಿಕ್ಕಿತು ಅನ್ನೋದೂ ಅಷ್ಟೇ ನಿಜ. ಎರಡನ್ನೂ ಒಟ್ಟಿಗೆ ಹೇಳದೆ ಈ ಇತಿಹಾಸ ಹೇಳಲಿಕ್ಕಾಗೋಲ್ಲ.

ಮತ್ತೆ ಮೇರಿಯ ಹತ್ತಿರ ಬರೋಣ. ಕಾಲ್ವ್‌ನಲ್ಲಿ ಗುಂಡರ್ಟ್ ಒಂದು ಕ್ರೈಸ್ತ ಪ್ರಕಾಶನ ಸಂಸ್ಥೆ ನೋಡಿಕೊಳ್ಳುತ್ತ ತಮ್ಮ ಮಲಯಾಳಂ ನಿಘಂಟು ಮುಗಿಸುತ್ತಿದ್ದರು. 1872ರಲ್ಲಿ ಅದು ಅಚ್ಚಾಗಿದ್ದು ನಮ್ಮ ಮಂಗಳೂರಿನಲ್ಲೇ. ಮರುವರ್ಷ ಅವರ ಕೈಕೆಳಗೆ ಕೆಲಸಕ್ಕೆ ಬಂದವರು ಯೋಹಾನ್ನೆಸ್ ಹೆಸ್ಸೆ. ಅವರೂ ನಮ್ಮ ಕರಾವಳಿಯಲ್ಲಿ ನಾಲ್ಕು ವರ್ಷ ಮಿಷನರಿಯಾಗಿದ್ದು, ಆರೋಗ್ಯ ಕೆಟ್ಟು ವಾಪಸಾದವರು. 1874ರಲ್ಲಿ ಮೇರಿ ಮತ್ತು ಹೆಸ್ಸೆ ಮದುವೆಯಾದರು. 1877ರ ಜುಲೈ 2ರಂದು ಅವರಿಗೊಬ್ಬ ಮಗ ಹುಟ್ಟಿದ, ಅಜ್ಜನ ಹೆಸರನ್ನೇ ಇಟ್ಟರು: ಹರ್ಮನ್.

ಹೌದು, ಹರ್ಮನ್ ಹೆಸ್ಸೆ. 'ಸಿದ್ಧಾರ್ಥ' ಬರೆದವರು, 1946ರ ನೊಬೆಲ್ ಪಡೆದವರು. ನಮ್ಮಲ್ಲಿ ಎಷ್ಟೋ ಜನ ಕೆಲಸ ಬಿಡಬೇಕು ಅನ್ನಿಸಿದಾಗಲೆಲ್ಲ ಓದುವ ಪುಸ್ತಕ ಅದು. ಆ ಮನೆಯ ಒಳಗೆ ಭಾರತ ಇತ್ತು. ಇಲ್ಲಿಂದ ಹೋದ ವಸ್ತುಗಳು, ಪುಸ್ತಕಗಳು, ಇಲ್ಲಿನ ಭಾಷೆ ಆಡುವ ಅಜ್ಜ ಮತ್ತು ಅಮ್ಮ.

ಆದರೆ ಆ ಹಳೇ ಅಭ್ಯಾಸವೂ ಜೊತೆಗೇ ಹೋಗಿತ್ತು. ಹೆಸ್ಸೆ ಕುಟುಂಬ ಕೆಲವು ವರ್ಷ ಬಾಸೆಲ್‌ನಲ್ಲಿತ್ತು. 1884ರಲ್ಲಿ, ಆರು ವರ್ಷದ ಹುಡುಗ ಹಟಮಾರಿ, ಹೇಳಿದ ಮಾತು ಕೇಳೋಲ್ಲ ಅಂತ ಅವನನ್ನು ಮಿಷನ್ನಿನ ಹುಡುಗರ ಹಾಸ್ಟೆಲ್ಲಿಗೆ ಸೇರಿಸಿದರು. ಈ ಸಲ ಸಮುದ್ರ ಅಡ್ಡ ಇರಲಿಲ್ಲ. ಅಪ್ಪ ಅಮ್ಮ ಅದೇ ಊರಲ್ಲಿದ್ದರು, ಮಗ ಮನೆಗೆ ಬರುತ್ತಿದ್ದದ್ದು ಭಾನುವಾರ ಮಾತ್ರ. ನಾಲ್ಕನೇ ವರ್ಷಕ್ಕೆ ತಾಯಿಯಿಂದ ದೂರವಾದ ಮೇರಿಯೇ ಈಗ ತಾಯಿ. ಹುಡುಗ ಹದಿನಾಲ್ಕರಲ್ಲಿ ಮೌಲ್‌ಬ್ರಾನ್‌ನ ಧಾರ್ಮಿಕ ಶಾಲೆಯಿಂದ ಓಡಿಹೋದ, ಅದೇ ವರ್ಷ ಸಾಯಲು ಹೋದ, ಮನೆಗೆ ಸಿಟ್ಟಿನ ಕಾಗದಗಳನ್ನು ಬರೆದ. ಮುಂದಿನದ್ದು ಸಾಹಿತ್ಯ ಚರಿತ್ರೆ.

ಇದನ್ನು ಓದುವಾಗ ನನಗೆ ಯಾರನ್ನೂ ದೂರಬೇಕು ಅನ್ನಿಸಲಿಲ್ಲ. ನಾನು ಮಾಡುವ ಕೆಲಸದ ಸುತ್ತಲೇ ಇಂಥದ್ದು ನಡೆಯುತ್ತೆ. ಗಂಡ ಹೆಂಡತಿ ಇಬ್ಬರೂ ಆನ್‌ಸೈಟ್, ಡೇ ಕೇರ್ ಖರ್ಚು ತಡೆಯೋಲ್ಲ, ಹತ್ತು ತಿಂಗಳ ಮಗುವನ್ನು ಅಜ್ಜಿಯ ಜೊತೆ ದಾವಣಗೆರೆಗೋ ಹಾಸನಕ್ಕೋ ಕಳಿಸಿ, ರಾತ್ರಿ ವಿಡಿಯೋ ಕಾಲ್‌ನಲ್ಲಿ 'ಅಮ್ಮ ಎಲ್ಲಿ ತೋರ್ಸು ಪುಟ್ಟಾ' ಅನ್ನುವವರು ನನ್ನ ಪರಿಚಯದಲ್ಲೇ ಇದ್ದಾರೆ. ಮಗು ಫೋನಿನ ಮೇಲೆ ಬೆರಳಿಟ್ಟು ತೋರಿಸುತ್ತೆ. ಅವರು ಕೆಟ್ಟವರಲ್ಲ. 'ಎರಡೇ ವರ್ಷ' ಅಂತಾರೆ, 'ಅವಳಿಗೋಸ್ಕರವೇ ತಾನೆ' ಅಂತಾರೆ. ಗುಂಡರ್ಟ್ ದಂಪತಿಗೂ ಕಾರಣ ಇತ್ತು. ಅವರದ್ದು ದೇವರ ಕೆಲಸ, ನಮ್ಮದು ಇಎಂಐ. ಆದರೆ ಅವರ ಕಾಲದಲ್ಲಿ ಬಾಸೆಲ್‌ನ ಕಮಿಟಿಯನ್ನು ಬೊಟ್ಟು ಮಾಡಿ ತೋರಿಸಬಹುದಿತ್ತು. ನಮ್ಮ ಮಗಳು ದೊಡ್ಡವಳಾಗಿ ಯಾಕೆ ಕಳಿಸಿದಿರಿ ಅಂತ ಕೇಳಿದರೆ ನಾವು ಯಾರನ್ನು ತೋರಿಸೋದು?

ದೊಡ್ಡ ಕೆಲಸಗಳನ್ನು ನೆನೆಯುವಾಗ ಅದರ ಬೆಲೆಯನ್ನು ಯಾರು ಕೊಟ್ಟರು ಅಂತ ಕೇಳುವುದನ್ನು ನಾನು ಈ ಕುಟುಂಬದಿಂದ ಕಲಿತೆ. ಬೆಂಗಳೂರಿನ ಎಂ.ಜಿ. ರಸ್ತೆಯ ಹತ್ತಿರ ಕಿಟ್ಟೆಲ್ ಪ್ರತಿಮೆ ಇದೆ, ತಲಶ್ಶೇರಿಯಲ್ಲಿ ಗುಂಡರ್ಟ್ ಪ್ರತಿಮೆ ಇದೆ. ಇರಬೇಕಾದ್ದೇ, ನಮ್ಮ ಭಾಷೆಗಳಿಗೆ ಅವರು ಮಾಡಿದ ಉಪಕಾರ ಚಿಕ್ಕದಲ್ಲ. ಆದರೆ ಆ ಪುಸ್ತಕಗಳ ಮುಖಪುಟದಲ್ಲಿ ಒಂದೇ ಹೆಸರಿದೆ. ತಾನೇ ದುಡಿಯಬೇಕು ಅಂತ ಹಡಗು ಹತ್ತಿದ್ದ ಜೂಲಿ 1885ರಲ್ಲಿ ಕಾಲ್ವ್‌ನಲ್ಲಿ ತೀರಿಕೊಂಡರು, 'ಗುಂಡರ್ಟ್ ಅವರ ಪತ್ನಿ' ಆಗಿ. ಅವರ ಕೈಯಲ್ಲಿ ಅಕ್ಷರ ಕಲಿತ ಮಲಬಾರಿನ ಹುಡುಗಿಯರ ಮರಿಮಕ್ಕಳು ಎಲ್ಲೆಲ್ಲಿ ಇದ್ದಾರೋ.

ಮೇರಿ ತೀರಿಕೊಂಡದ್ದು 1902ರಲ್ಲಿ. ಒಂಬತ್ತು ವರ್ಷದ ಮೇಲೆ, 1911ರಲ್ಲಿ, ಮಗ ಪೂರ್ವಕ್ಕೆ ಹಡಗು ಹತ್ತಿದ. ಪೆನಾಂಗ್, ಸಿಂಗಾಪುರ, ಸುಮಾತ್ರಾ, ಸಿಲೋನ್ ನೋಡಿದ. ಸಿಲೋನ್‌ನಿಂದ ಮಲಬಾರ್ ಎಷ್ಟು ದೂರ? ಅವನ ಅಮ್ಮ ಹುಟ್ಟಿದ ಇಲ್ಲಿಕುನ್ನು, ಅಪ್ಪ ಅಜ್ಜ ಇಬ್ಬರೂ ಕೆಲಸ ಮಾಡಿದ ಕರಾವಳಿ ಎಲ್ಲ ಅಲ್ಲೇ ಪಕ್ಕದಲ್ಲಿತ್ತು. ಅವನು ಅಲ್ಲಿಗೆ ಬರಲೇ ಇಲ್ಲ, ಸಿಲೋನ್‌ನಿಂದಲೇ ಮನೆಗೆ ಹೊರಟ.